ಎಫ್‌ಎಎಸ್‌ಡಿ ಇರುವ ಮಗು, ಲೈನ್ ಮನೆಗಳ ಇನ್ನಷ್ಟು ಮಕ್ಕಳು: ಎಲ್ಲಿಂದ ಶುರು ಮಾಡಲಿ?

ಪ್ರಶ್ನೆ (ಸಕಲೇಶಪುರ ತಾಲ್ಲೂಕು)

ತಂಗಿಯ ಮಗ ನಮ್ಮ ಜೊತೆಗಿದ್ದಾನೆ. 9 ವರ್ಷ, ಮೂರನೇ ಕ್ಲಾಸು. ಅವನು ಹೊಟ್ಟೆಯಲ್ಲಿದ್ದಾಗ ತಂಗಿ ಕುಡಿಯುತ್ತಿದ್ದಳು. ಅದರಿಂದ ಮೆದುಳಿನ ಬೆಳವಣಿಗೆಗೆ ಪೆಟ್ಟು ಬಿದ್ದಿದೆ, ಇದು ಎಫ್‌ಎಎಸ್‌ಡಿ ಅಂತ ಡಾಕ್ಟರು ಬರೆದುಕೊಟ್ಟಿದ್ದಾರೆ. ಶಾಲೆಯಲ್ಲಿ ಇವನಿಗೆ ಸುಳ್ಳ, ಕಳ್ಳ ಅಂತ ಹೆಸರು ಬಿದ್ದಿದೆ. ನಿನ್ನೆ ಬಂದ ಮಗ್ಗಿ ಇವತ್ತು ಬರಲ್ಲ. ಅಂಗವಿಕಲರ ಕಾರ್ಡಿಗೆ ಹೋದರೆ ಈ ಕಾಯಿಲೆ ಪಟ್ಟಿಯಲ್ಲೇ ಇಲ್ಲ ಅಂದರು. ತಂಗಿ ಎಸ್ಟೇಟಿನ ಕೂಲಿಯವರ ಲೈನ್ ಮನೆಯಲ್ಲಿದ್ದಾಳೆ, ಕುಡಿತ ಕಡಿಮೆಯಾಗಿದೆ, ನಿಂತಿಲ್ಲ. ಅಲ್ಲೇ ಇನ್ನೂ ಮೂರು ನಾಲ್ಕು ಮನೆಗಳಲ್ಲಿ ಇಂಥದೇ ಮಕ್ಕಳಿವೆ ಅಂತ ಆಶಾ ಕಾರ್ಯಕರ್ತೆ ಹೇಳುತ್ತಾರೆ. ಎಲ್ಲಿಂದ ಶುರು ಮಾಡಲಿ? ಈ ಮನೆಯವರೆಲ್ಲ ಒಟ್ಟಿಗೆ ಕೂರುವ ಹಾಗೆ ಏನಾದರೂ ಮಾಡಬಹುದಾ?

ಮಕ್ಕಳ ಬೆಳವಣಿಗೆ ವೈದ್ಯೆ

ಡಾಕ್ಟರು ಕೊಟ್ಟ ಚೀಟಿಯಲ್ಲಿ ಕಾಯಿಲೆಯ ಹೆಸರು ಮಾತ್ರ ಇದ್ದರೆ ಸಾಲದು ಅಕ್ಕ. ನೆನಪು, ಗಮನ, ಮಾತು, ಲೆಕ್ಕ, ಕೈಬೆರಳಿನ ಹಿಡಿತ, ಸಿಟ್ಟಿನ ಹತೋಟಿ, ದಿನನಿತ್ಯದ ಕೆಲಸ, ಇವುಗಳಲ್ಲಿ ಯಾವುದರಲ್ಲಿ ಮಗು ಎಷ್ಟು ಹಿಂದಿದೆ ಅಂತ ಬೇರೆ ಬೇರೆಯಾಗಿ ಬರೆಸಿಕೊಳ್ಳಿ. ಕೆನಡಾದ 2015ರ ಮಾರ್ಗಸೂಚಿ ಮೆದುಳಿನ ಕೆಲಸವನ್ನು ಹತ್ತು ಭಾಗ ಮಾಡಿ, ಕಡೇಪಕ್ಷ ಮೂರರಲ್ಲಿ ತೀವ್ರ ಕೊರತೆ ಇದೆಯಾ ಅಂತ ನೋಡುತ್ತದೆ. ಶಾಲೆಗೂ ಕಾರ್ಡಿಗೂ ಕೆಲಸಕ್ಕೆ ಬರುವುದು ಈ ವಿವರವೇ. ನಿಮ್ಮ ಜಿಲ್ಲಾಸ್ಪತ್ರೆಯ ಡಿಇಐಸಿ, ಅಂದರೆ ಮಕ್ಕಳ ಶೀಘ್ರ ಮಧ್ಯಸ್ಥಿಕೆ ಕೇಂದ್ರದಲ್ಲಿ ಕೇಳಿ. ಅಲ್ಲಿ ಮನಶ್ಶಾಸ್ತ್ರಜ್ಞರು ಇಲ್ಲದಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆಸಿಕೊಳ್ಳಿ. ಮಾತು ಮತ್ತು ಕಿವಿಯ ತೊಂದರೆಗೆ ಮೈಸೂರಿನ ವಾಕ್ ಶ್ರವಣ ಸಂಸ್ಥೆ ಆಯಿಷ್ ಇದೆ.

ಮುಖ ಎಲ್ಲ ಮಕ್ಕಳ ಹಾಗೇ ಇದೆಯಲ್ಲ, ಇದು ಆ ಕಾಯಿಲೆ ಇರಲಿಕ್ಕಿಲ್ಲ ಅಂತ ಯಾರಾದರೂ ಅಂದರೆ ನಂಬಬೇಡಿ. ಸಣ್ಣ ಕಣ್ಣು, ಮೂಗಿನ ಕೆಳಗಿನ ಗೆರೆ ಮಾಸಿರುವುದು, ತೆಳುವಾದ ಮೇಲ್ದುಟಿ ಈ ಮೂರು ಗುರುತು ಕಾಣುವುದು ಸ್ವಲ್ಪ ಮಕ್ಕಳಲ್ಲಿ ಮಾತ್ರ. ಮುಖ ರೂಪುಗೊಳ್ಳುವುದು ಬಸಿರಿನ ಮೊದಲ ಕೆಲವೇ ವಾರಗಳಲ್ಲಿ, ಮೆದುಳು ಒಂಬತ್ತು ತಿಂಗಳೂ ಬೆಳೆಯುತ್ತಲೇ ಇರುತ್ತದೆ. ಹಾಗಾಗಿ ಮುಖ ಸರಿಯಿದ್ದು ಮೆದುಳಿಗೆ ಪೆಟ್ಟಾಗಿರುವ ಮಕ್ಕಳೇ ಹೆಚ್ಚು, ಅವರೇ ಯಾರ ಕಣ್ಣಿಗೂ ಬೀಳದೆ ಉಳಿಯುತ್ತಾರೆ.

ಕಿವಿ, ಕಣ್ಣು, ಹಲ್ಲು ತೋರಿಸಿ. ಹೃದಯದ ಎಕೋ, ಮೂತ್ರಪಿಂಡದ ಸ್ಕ್ಯಾನ್ ಆಗಿದೆಯಾ ಕೇಳಿ, ಈ ಮಕ್ಕಳಲ್ಲಿ ಹೃದಯದ ಗೋಡೆಯಲ್ಲಿ ತೂತು ಇರುವುದುಂಟು. ಮೇಲಿಂದ ಮೇಲೆ ಕಿವಿ ಸೋರಿ ಕೇಳಿಸುವುದು ಕಡಿಮೆಯಾದ ಮಗುವನ್ನು ಹೇಳಿದ ಮಾತು ಕೇಳಲ್ಲ ಅಂತ ಬೈಯುತ್ತಿರುವ ಮನೆಗಳೂ ಇವೆ.

ಎಫ್‌ಎಎಸ್‌ಡಿಯನ್ನೇ ವಾಸಿಮಾಡುವ ಔಷಧಿ ಇಲ್ಲ. ಚಂಚಲತೆಗೆ ಮೀಥೈಲ್‌ಫೆನಿಡೇಟ್ ಅನ್ನುವ ಮಾತ್ರೆ ಕೊಡುವುದುಂಟು. ಎಡಿಎಚ್‌ಡಿ, ಅಂದರೆ ಗಮನದ ಕೊರತೆ ಮತ್ತು ಅತಿ ಚಂಚಲತೆಯ ತೊಂದರೆ, ಮಾತ್ರ ಇರುವ ಮಕ್ಕಳಿಗೆ ಕೆಲಸ ಮಾಡಿದಷ್ಟು ನೆಚ್ಚಿಕೆಯಾಗಿ ಈ ಮಕ್ಕಳಲ್ಲಿ ಕೆಲಸ ಮಾಡುವುದಿಲ್ಲ. ಹೃದಯ ಪರೀಕ್ಷೆ ಆದಮೇಲೆ ಸಣ್ಣ ಪ್ರಮಾಣದಿಂದ ಶುರುಮಾಡಬೇಕು. ಹಸಿವು ಸತ್ತುಹೋಗುವುದರಿಂದ ಮಾತ್ರೆ ಬೆಳಗಿನ ತಿಂಡಿ ಆದಮೇಲೆ ಕೊಡಿ, ತಿಂಗಳಿಗೊಮ್ಮೆ ತೂಕ ನೋಡಿ. ಮೊದಲೇ ಸಣಕಲು ಮಕ್ಕಳು ಇವು.

ವಿಶೇಷ ಶಿಕ್ಷಕಿ

ಸುಳ್ಳು ಮತ್ತು ಕಳ್ಳತನದ ವಿಷಯ ಮೊದಲು ಹೇಳುತ್ತೇನೆ. ಮಗುವಿನ ಮೇಲೆ ಅತಿ ಹೆಚ್ಚು ಏಟು ಬೀಳುವುದು ಅದಕ್ಕೇ.

ಈ ಮಗುವಿನ ನೆನಪಿನಲ್ಲಿ ನಡುನಡುವೆ ಖಾಲಿ ಜಾಗ ಇರುತ್ತದೆ. ಬೆಳಿಗ್ಗೆ ಏನಾಯಿತು ಅಂತ ಸಂಜೆ ಕೇಳಿದರೆ ಆ ಖಾಲಿ ಜಾಗವನ್ನು ತೋಚಿದ್ದರಿಂದ ತುಂಬಿಸಿ ಹೇಳುತ್ತಾನೆ. ಮೋಸ ಮಾಡುವ ಉದ್ದೇಶ ಅದರಲ್ಲಿ ಇರುವುದಿಲ್ಲ. "ಪೆನ್ಸಿಲ್ ಡಬ್ಬಿ ನೀನೇ ತಾನೇ ತಗೊಂಡಿದ್ದು?" ಅಂತ ಟೀಚರ್ ಗದರಿದರೆ ತೆಗೆದುಕೊಳ್ಳದಿದ್ದರೂ ಹೂಂ ಅನ್ನುತ್ತಾನೆ, ದೊಡ್ಡವರ ಮುಖ ನೋಡಿ ಅವರಿಗೆ ಬೇಕಾದ ಉತ್ತರ ಕೊಡುತ್ತಾನೆ. ಹೌದು-ಇಲ್ಲ ಅನ್ನುವ ಪ್ರಶ್ನೆ ಕೇಳಲೇಬೇಡಿ. "ಆಟದ ಹೊತ್ತಲ್ಲಿ ಎಲ್ಲಿದ್ದೆ, ತೋರಿಸು" ಅಂತ ಆ ಜಾಗಕ್ಕೇ ಕರೆದುಕೊಂಡು ಹೋಗಿ, ಆಗಿದ್ದು ಆದ ಕೂಡಲೇ ಕೇಳಿ.

ಕಳ್ಳತನ ಅನ್ನುವುದರ ಹಿಂದೆ ಇನ್ನೊಂದು ಇದೆ. ಒಂದು ವಸ್ತು ಯಾರ ಕೈಯಲ್ಲೂ ಇಲ್ಲ ಅಂದರೆ ಅದು ಯಾರದೂ ಅಲ್ಲ ಅಂತಲೇ ಅವನ ತಿಳಿವಳಿಕೆ. ಕಣ್ಣಿಗೆ ಕಾಣದ ಒಡೆತನ ಅವನಿಗೆ ಅರ್ಥವಾಗದು. ಅವನ ಪ್ರತಿ ವಸ್ತುವಿಗೂ ಒಂದೇ ಬಣ್ಣದ ಇನ್ಸುಲೇಷನ್ ಟೇಪ್ ಸುತ್ತಿ, ಪೆನ್ಸಿಲು, ರಬ್ಬರು, ಟಿಫಿನ್ ಡಬ್ಬಿ, ಚಪ್ಪಲಿ ಎಲ್ಲಕ್ಕೂ. ಕೆಂಪು ಟೇಪು ಇದ್ದರೆ ನಿನ್ನದು, ಇಲ್ಲದಿದ್ದರೆ ನಿನ್ನದಲ್ಲ. ದಿನಾ ಶಾಲೆ ಬಿಡುವ ಮುಂಚೆ ಟೀಚರ್ ಮತ್ತು ಅವನು ಸೇರಿ ಬ್ಯಾಗ್ ಬಿಚ್ಚಿ ನೋಡಲಿ. ಟೇಪು ಇಲ್ಲದ್ದು ಸಿಕ್ಕರೆ ಜಾಗಕ್ಕೆ ವಾಪಸ್ ಇಡಬೇಕು, ಅಷ್ಟೇ. ಬುದ್ಧಿವಾದವೂ ಬೇಡ, ಬೈಗುಳವೂ ಬೇಡ. ತಪ್ಪು ಸಿಕ್ಕ ದಿನ ಮಾತ್ರ ಬ್ಯಾಗ್ ನೋಡಿದರೆ ಅದು ಶಿಕ್ಷೆಯಾಗುತ್ತದೆ, ದಿನಾ ನೋಡಿದರೆ ರೂಢಿಯಾಗುತ್ತದೆ.

ಮಗ್ಗಿ ಹೇಳುವುದಾದರೆ, ನಿನ್ನೆ ಬಂದದ್ದು ಇವತ್ತು ಬರದಿರುವುದು ಈ ಕಾಯಿಲೆಯ ಗುಣವೇ. ಸೋಮಾರಿತನ ಅಂತ ಟೀಚರ್ ಅಂದುಕೊಳ್ಳುವುದು ಇಲ್ಲೇ. ಮಗ್ಗಿ ಬಾಯಿಪಾಠದ ಹಟ ಬಿಟ್ಟು ಮಗ್ಗಿ ಕಾರ್ಡನ್ನು ಡೆಸ್ಕಿಗೆ ಅಂಟಿಸಿ. ಲೆಕ್ಕದ ಹಾಳೆಯನ್ನು ಎರಡೇ ಲೆಕ್ಕ ಕಾಣುವಂತೆ ಮಡಚಿ ಕೊಡಿ. ಒಂದು ಪುಟ ತುಂಬ ಲೆಕ್ಕ ಕಂಡರೆ ಕೈಯೇ ಓಡುವುದಿಲ್ಲ. ಮನೆಯಲ್ಲಿ ಓದಿಸುವುದು ಒಂದು ಸಲಕ್ಕೆ ಹತ್ತು ನಿಮಿಷ ಸಾಕು, ನಡುವೆ ನೀರಿನ ಕೊಡ ತರುವುದೋ ಕಟ್ಟಿಗೆ ಎತ್ತುವುದೋ ಮೈಗೆ ಭಾರ ಬೀಳುವ ಕೆಲಸ ಕೊಡಿ, ಆಮೇಲೆ ಮತ್ತೆ ಹತ್ತು ನಿಮಿಷ.

ಬೆಳಗಿನ ಗಲಾಟೆಗೆ ಚಿತ್ರಪಟ್ಟಿ ಮಾಡಿ. ಅವನದೇ ಬ್ರಷ್, ಅವನದೇ ಬಚ್ಚಲು, ತಟ್ಟೆ, ಯೂನಿಫಾರಂ, ಬ್ಯಾಗ್ ಇವುಗಳ ಫೋಟೊ ತೆಗೆದು ಪ್ರಿಂಟ್ ಹಾಕಿಸಿ. ಐದಕ್ಕಿಂತ ಹೆಚ್ಚು ಬೇಡ. ಗೋಡೆಗೆ ಅವನ ಕಣ್ಣಿನ ಎತ್ತರದಲ್ಲಿ ಮೇಲಿಂದ ಕೆಳಕ್ಕೆ ಅಂಟಿಸಿ, ಕೆಳಗೊಂದು ಲಕೋಟೆ. ಒಂದು ಕೆಲಸ ಮುಗಿದರೆ ಆ ಚಿತ್ರ ಕಿತ್ತು ಲಕೋಟೆಗೆ ಹಾಕಲಿ. ಇಂಟರ್‌ನೆಟ್ಟಿನ ಗೊಂಬೆ ಚಿತ್ರ ಹಾಕಿದರೆ ಬಹಳಷ್ಟು ಸಲ ಕೆಲಸಕ್ಕೆ ಬರುವುದಿಲ್ಲ, ಅದು ಬೇರೆ ಯಾರದೋ ಬ್ರಷ್ಷು. ಮಾತಲ್ಲಿ ಹೇಳುವಾಗ ಒಂದು ಸಲಕ್ಕೆ ಒಂದೇ ಕೆಲಸ: "ಚಪ್ಪಲಿ ಹಾಕು." ಹೇಳಿ ಹತ್ತು ಎಣಿಸುವಷ್ಟು ಹೊತ್ತು ಸುಮ್ಮನಿರಿ. ಅವನ ಮೆದುಳಿಗೆ ಆ ಹೊತ್ತು ಬೇಕು. ಅಷ್ಟರಲ್ಲಿ ನೀವು ಬೇರೆ ಪದದಲ್ಲಿ ಅದನ್ನೇ ಹೇಳಿದರೆ ಅವನು ಮತ್ತೆ ಮೊದಲಿಂದ ಶುರುಮಾಡಬೇಕು. ಅಜ್ಜಿ "ಕಾಲಿಗೆ ಮೆಟ್ಟಿಕೋ", ಮಾವ "ಶೂ ಹಾಕ್ಕೊ", ನೀವು "ಚಪ್ಪಲಿ ಹಾಕು" ಅಂದರೆ ಅವನಿಗೆ ಅವು ಮೂರು ಬೇರೆ ಮಾತು. ಮನೆಯವರೆಲ್ಲ ಒಂದೇ ಪದ ಹಿಡಿಯಿರಿ.

ವಾರವಿಡೀ ಒಳ್ಳೆಯವನಾಗಿದ್ದರೆ ಭಾನುವಾರ ಐಸ್‌ಕ್ರೀಮ್ ಅನ್ನುವ ಸ್ಟಾರ್ ಚಾರ್ಟ್ ಇವರಿಗೆ ಹೊಂದುವುದಿಲ್ಲ. ಭಾನುವಾರ ಬರುವಷ್ಟರಲ್ಲಿ ಯಾವುದಕ್ಕೆ ಅಂತ ಮರೆತಿರುತ್ತಾನೆ. ಶಿಕ್ಷೆಯೂ ಹಾಗೇ, ಮಧ್ಯಾಹ್ನದ ತಪ್ಪಿಗೆ ಸಂಜೆ ಕೊಟ್ಟ ಏಟು ಅವನಿಗೆ ಕಾರಣವಿಲ್ಲದ ಏಟು.

ಸರ್ಕಾರಿ ಶಾಲೆ ಶಿಕ್ಷಕ

ಮೇಲೆ ಹೇಳಿದ್ದೆಲ್ಲ ಸರಿ, ಆದರೆ ನಲವತ್ತು ಮಕ್ಕಳ ಕ್ಲಾಸಿನಲ್ಲಿ ಒಬ್ಬರೇ ಟೀಚರ್ ಅಷ್ಟೂ ಮಾಡಲಾಗದು. ಎರಡೇ ಕೇಳಿ, ಅದನ್ನು ಗಟ್ಟಿಯಾಗಿ ಕೇಳಿ: ಮುಂದಿನ ಸಾಲಿನಲ್ಲಿ, ಕಿಟಕಿ-ಬಾಗಿಲಿನಿಂದ ದೂರ ಜಾಗ, ಮತ್ತು ಬ್ಯಾಗ್ ನೋಡುವುದು. ಆ ರೂಢಿ ಕೂತಮೇಲೆ ಮೂರನೆಯದು ಕೇಳಿ. ಬಿಆರ್‌ಸಿಯಲ್ಲಿ, ಅಂದರೆ ಕ್ಷೇತ್ರ ಸಂಪನ್ಮೂಲ ಕೇಂದ್ರದಲ್ಲಿ, ಸಮನ್ವಯ ಶಿಕ್ಷಣದ ಸಂಪನ್ಮೂಲ ಶಿಕ್ಷಕರಿರುತ್ತಾರೆ. ಮಗುವನ್ನು ವಿಶೇಷ ಅಗತ್ಯವುಳ್ಳ ಮಗು ಎಂದು ದಾಖಲೆ ಮಾಡಲು ಮುಖ್ಯೋಪಾಧ್ಯಾಯರಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ, ಸ್ವೀಕೃತಿಯ ಸಹಿ ಇರುವ ಪ್ರತಿ ಇಟ್ಟುಕೊಳ್ಳಿ. ಎಸ್‌ಎಸ್‌ಎಲ್‌ಸಿಯಲ್ಲಿ ಹೆಚ್ಚಿನ ಸಮಯ, ಬರೆಯಲು ಸಹಾಯಕರು ಬೇಕಾದಾಗ ಈ ಹಳೆಯ ದಾಖಲೆ ಕೈಹಿಡಿಯುತ್ತದೆ.

ಕುಡಿತದ ವಿಷಯ ಶಾಲೆಯಲ್ಲಿ ಹೇಳಬೇಕಾ ಅನ್ನುವುದರಲ್ಲಿ ನನ್ನ ಅಭಿಪ್ರಾಯ ಬೇಡ ಅಂತಲೇ. "ಹುಟ್ಟಿನಿಂದ ಮೆದುಳಿನ ಬೆಳವಣಿಗೆಯ ತೊಂದರೆ, ನೆನಪು ಮತ್ತು ಗಮನಕ್ಕೆ ಪೆಟ್ಟು" ಅಂತ ವೈದ್ಯರಿಂದ ಬರೆಸಿದ ಪತ್ರ ಶಾಲೆಗೆ ಸಾಕು. ಸ್ಟಾಫ್ ರೂಮಿನ ಮಾತು ಊರಿಗೆ ಬಂದರೆ ಮಕ್ಕಳ ಬಾಯಲ್ಲಿ "ಕುಡುಕಿ ಮಗ" ಆಗುತ್ತದೆ.

ವಿಶೇಷ ಶಿಕ್ಷಕಿ

ಸರ್, ಊರಿನ ಮಟ್ಟಿಗೆ ಒಪ್ಪುತ್ತೇನೆ. ಆದರೆ ಕ್ಲಾಸ್ ಟೀಚರ್ ಒಬ್ಬರಿಗಾದರೂ ಪೂರ್ತಿ ಗೊತ್ತಿದ್ದರೆ ಒಳ್ಳೆಯದು. ಇಲ್ಲದಿದ್ದರೆ ಎಡಿಎಚ್‌ಡಿ ಅಂದುಕೊಂಡು ಸ್ಟಾರ್ ಚಾರ್ಟ್ ಶುರುಮಾಡುತ್ತಾರೆ. ಯಾರಿಗೆ ಹೇಳುವುದು ಅಂತ ತಾಯಿಯನ್ನೇ ಕೇಳಿ ತೀರ್ಮಾನಿಸಿ, ಅದು ಅವಳ ಬದುಕಿನ ವಿಷಯ.

ಗ್ರಾಮೀಣ ಪುನರ್ವಸತಿ ಕಾರ್ಯಕರ್ತ

ಅಕ್ಕ, ಕಾರ್ಡಿನ ವಿಷಯಕ್ಕೆ ಬರುತ್ತೇನೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಲ್ಲಿ 21 ವಿಧ ಇವೆ, ಎಫ್‌ಎಎಸ್‌ಡಿ ಅನ್ನುವ ಹೆಸರು ಅದರಲ್ಲಿ ಇಲ್ಲ ಅನ್ನುವುದು ನಿಜ. ಅದಕ್ಕೇ ಕಾಯಿಲೆಯ ಹೆಸರಿನಲ್ಲಿ ಅರ್ಜಿ ಹಾಕಬೇಡಿ, ಅದರಿಂದ ಆಗಿರುವ ಕೊರತೆಯ ಹೆಸರಿನಲ್ಲಿ ಹಾಕಿ: ಬೌದ್ಧಿಕ ಅಸಾಮರ್ಥ್ಯ, ಕಲಿಕಾ ನ್ಯೂನತೆ, ಶ್ರವಣದೋಷ, ಆಟಿಸಂ, ಪರೀಕ್ಷೆಯಲ್ಲಿ ಯಾವುದು ಸಿಕ್ಕಿದೆಯೋ ಅದು. ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ ಜಾಲತಾಣದಲ್ಲಿ ಅರ್ಜಿ. ಮಗುವಿನ ಆಧಾರ್, ಫೋಟೊ, ವಿಳಾಸದ ದಾಖಲೆ ಬೇಕು. ಮೊಬೈಲ್ ನಂಬರ್ ನಿಮ್ಮದೇ ಕೊಡಿ, ಸೈಬರ್ ಅಂಗಡಿಯದು ಕೊಟ್ಟರೆ ಒಟಿಪಿ ಅಲ್ಲಿಗೆ ಹೋಗಿ ಮುಂದೆ ಪರದಾಟ.

ಸರ್ಕಾರದ ಹೆಚ್ಚಿನ ಸೌಲಭ್ಯಕ್ಕೆ ಶೇ. 40 ಅಂಗವೈಕಲ್ಯ ಇದೆ ಅಂತ ಪ್ರಮಾಣಪತ್ರ ಬೇಕು. ಈ ಮಕ್ಕಳು ಎಡವುವುದು ಇಲ್ಲೇ. ಐಕ್ಯು, ಅಂದರೆ ಬುದ್ಧಿಮಟ್ಟದ ಅಂಕ, 70ಕ್ಕಿಂತ ಮೇಲೆ ಬಂದರೆ ಬೌದ್ಧಿಕ ಅಸಾಮರ್ಥ್ಯಕ್ಕೆ ಸೇರಿಸುವುದು ಕಷ್ಟ, 85ಕ್ಕಿಂತ ಕೆಳಗಿದ್ದರೆ ಕಲಿಕಾ ನ್ಯೂನತೆಗೂ ಸೇರಿಸುವುದಿಲ್ಲ. ನಡುವಿನವರು ಎರಡಕ್ಕೂ ಇಲ್ಲ. ಆದರೆ ಈ ಮಕ್ಕಳ ಐಕ್ಯು ಒಂದು ಕಥೆ ಹೇಳಿದರೆ ದಿನನಿತ್ಯದ ಬದುಕು ಬೇರೆಯೇ ಹೇಳುತ್ತದೆ. ಹಾಗಾಗಿ ಮನಶ್ಶಾಸ್ತ್ರಜ್ಞರು ಮಗುವಿನ ದಿನನಿತ್ಯದ ಕೆಲಸದ ಬಗ್ಗೆ ಮನೆಯವರಿಗೆ ಪ್ರಶ್ನೆ ಕೇಳಿ ಹಾಕುವ ವಿಎಸ್‌ಎಂಎಸ್ ಅಂಕ ಬಹಳ ಮುಖ್ಯ. ಸ್ನಾನ ಮಾಡ್ತಾನಾ ಅಂದರೆ ಮರ್ಯಾದೆಗೆ ಮಾಡ್ತಾನೆ ಅಂದುಬಿಡುತ್ತಾರೆ ನಮ್ಮ ಜನ. ನಿಜ ಏನೆಂದರೆ, ನೀರು ಹದ ಮಾಡಿ, ಸೋಪು ಕೈಗೆ ಕೊಟ್ಟು, ತಲೆ ತೊಳಿ ಅಂತ ಬಾಗಿಲಲ್ಲಿ ನಿಂತು ಹೇಳಿದರೆ ಮಾಡುತ್ತಾನೆ. ಅದನ್ನು ಹಾಗೇ ಹೇಳಿ. ಹೋಗುವ ಮುಂಚೆ ಎರಡು ವಾರ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ಕೆಲಸ, ಎಷ್ಟು ಸಲ ಹೇಳಬೇಕಾಯಿತು, ತಾನಾಗಿ ಏನು ಮಾಡಿದ. ಒಂದಿಷ್ಟೂ ಹೆಚ್ಚು ಮಾಡಿ ಬರೆಯಬೇಡಿ, ಇದ್ದದ್ದು ಇದ್ದ ಹಾಗೆ ಸಾಕು. ಕೊಟ್ಟ ಶೇಕಡಾ ಒಪ್ಪಿಗೆಯಾಗದಿದ್ದರೆ 90 ದಿನದೊಳಗೆ ಮೇಲ್ಮನವಿಗೆ ಅವಕಾಶ ಇದೆ.

ಬೌದ್ಧಿಕ ಅಸಾಮರ್ಥ್ಯದ ಪ್ರಮಾಣಪತ್ರ ಸಿಕ್ಕರೆ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಮಾಡಿಸಿ, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ, ಥೆರಪಿಗೂ ಸಿಗುತ್ತದೆ. ಸಿಗದಿದ್ದರೂ ಕೈಚೆಲ್ಲಬೇಡಿ. ಮಕ್ಕಳ ರಕ್ಷಣೆಗೆ ಇರುವ ಕೇಂದ್ರದ ಯೋಜನೆ ಮಿಷನ್ ವಾತ್ಸಲ್ಯದ ಪ್ರಾಯೋಜಕತ್ವದಲ್ಲಿ ತಿಂಗಳಿಗೆ 4,000 ರೂಪಾಯಿ ಇದೆ, ಅದಕ್ಕೆ ಅಂಗವಿಕಲರ ಕಾರ್ಡೇ ಬೇಕೆಂದಿಲ್ಲ. ಹೆತ್ತವರು ನೋಡಿಕೊಳ್ಳಲಾಗದೆ ಬಂಧುಗಳ ಮನೆಯಲ್ಲಿರುವ ಮಗು ಅಂತ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಅರ್ಜಿ ಕೊಡಿ. ಹಳ್ಳಿಯ ಕುಟುಂಬಕ್ಕೆ ವಾರ್ಷಿಕ ಆದಾಯದ ಮಿತಿ 72,000 ರೂಪಾಯಿ. ಅರ್ಜಿಗೆ ತಂಗಿಯ ಸಹಿ ಬೇಕಾಗಬಹುದು, ಅವಳೊಂದಿಗೆ ಮಾತು ಬಿಡದೆ ಇರುವುದಕ್ಕೆ ಇದೂ ಒಂದು ಕಾರಣ.

ವ್ಯಸನ ಚಿಕಿತ್ಸೆಯ ಆಪ್ತಸಮಾಲೋಚಕಿ

ಎಲ್ಲರೂ ಮಗುವಿನ ಬಗ್ಗೆ ಹೇಳಿದರು. ತಂಗಿಗೆ ಇನ್ನೂ ಮಕ್ಕಳಾಗುವ ವಯಸ್ಸು ಅಂತ ಇಟ್ಟುಕೊಂಡು ಹೇಳುತ್ತೇನೆ.

"ನಿನ್ನಿಂದ ಮಗು ಹೀಗಾಯ್ತು" ಅನ್ನುವ ಮಾತು ಕುಡಿತ ಬಿಡಿಸುವುದಿಲ್ಲ, ಅಡಗಿಸಿ ಕುಡಿಯುವುದನ್ನು ಕಲಿಸುತ್ತದೆ. ಅಡಗಿಸುವವಳು ತಾಯಿ ಕಾರ್ಡಿನ ತಪಾಸಣೆಗೂ ಬರುವುದಿಲ್ಲ. ದಿನವಿಡೀ ಜಿಗಣೆ ಕಡಿಸಿಕೊಂಡು ಮಳೆಯಲ್ಲಿ ದುಡಿದು ಮೈನೋವಿಗೆ ಕುಡಿಯುವವರಿದ್ದಾರೆ, ಗಂಡನ ಹೊಡೆತ ತಡೆಯಲಾಗದೆ ಕುಡಿಯುವವರಿದ್ದಾರೆ. ಬಸಿರಾಗಿರುವುದು ಗೊತ್ತಾಗುವ ಮುಂಚೆಯೇ ಕುಡಿದವರಂತೂ ಬಹಳ. ಕೇಳುವುದಾದರೆ "ಕುಡೀತೀಯಾ?" ಅಂತ ಕೇಳಬೇಡಿ, ಇಲ್ಲ ಅನ್ನುತ್ತಾಳೆ. "ಮುಟ್ಟು ನಿಲ್ಲುವ ಮುಂಚಿನ ತಿಂಗಳಲ್ಲಿ ವಾರಕ್ಕೆ ಎಷ್ಟು ದಿನ ತಗೊಳ್ತಿದ್ದೆ?" ಅಂದರೆ ಉತ್ತರ ಸಿಗುತ್ತದೆ. ಆಶಾ ಅವರಿಗೂ ಇದನ್ನೇ ಹೇಳಿ.

ದಿನಾ ಕುಡಿಯುವವಳು ಒಮ್ಮೆಲೇ ಬಿಡುವುದು ಅಪಾಯ. ಕೈ ನಡುಕ, ಬೆವರು, ಗಾಬರಿ, ಫಿಟ್ಸ್ ಬರಬಹುದು, ಬಸುರಿಯಾಗಿದ್ದರೆ ಅಪಾಯ ಎರಡು ಜೀವಕ್ಕೆ. ಬಿಡುವುದನ್ನು ಆಸ್ಪತ್ರೆಯಲ್ಲಿ, ಥಯಮಿನ್ (ಬಿ1 ವಿಟಮಿನ್) ಕೊಟ್ಟು ಮಾಡಿಸಬೇಕು. ಊಟದಲ್ಲಿ ಗೊತ್ತಿಲ್ಲದಂತೆ ಬೆರೆಸುವ ಔಷಧಿಗೆ ಕೈಹಾಕಲೇಬೇಡಿ, ಅದು ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಮ್ ಆಗಿದ್ದರೆ ಮೇಲೆ ಕುಡಿದಾಗ ಪ್ರಾಣಕ್ಕೇ ಬರಬಹುದು. ವ್ಯಸನಮುಕ್ತಿಯ ಸಹಾಯವಾಣಿ 14446, ಮನಸ್ಸಿನ ತೊಂದರೆಗೆ ಟೆಲಿ ಮಾನಸ್ 14416, ಕನ್ನಡದಲ್ಲೇ ಮಾತಾಡಬಹುದು. ಬಸಿರಿನಲ್ಲಿ ಇಷ್ಟು ಕುಡಿದರೆ ಪರವಾಗಿಲ್ಲ ಅನ್ನುವ ಅಳತೆ ಇಲ್ಲ, ಸಾರಾಯಿಗೂ ಬಿಯರಿಗೂ ವ್ಯತ್ಯಾಸವಿಲ್ಲ. ಹಾಗೆಯೇ, ಐದನೇ ತಿಂಗಳಲ್ಲಿ ಬಿಟ್ಟರೂ ಅಲ್ಲಿಂದ ಮುಂದಿನ ಬೆಳವಣಿಗೆಗೆ ಲಾಭವಿದೆ, ಇನ್ನೇನು ಆಗೋದು ಆಗಿಹೋಗಿದೆ ಅನ್ನುವ ಹತಾಶೆ ಬೇಡ. ಕುಡಿತ ನಿಲ್ಲುವವರೆಗೆ ಗರ್ಭನಿರೋಧಕದ ಮಾತೂ ಆಡಿ.

ಪೋಷಕರ ಗುಂಪು ನಡೆಸುವವರು

ನಾಲ್ಕೈದು ಮನೆ ಇದ್ದರೆ ಗುಂಪು ಮಾಡಲು ಸಾಕು. ಮೊದಲನೆಯದು ಹೆಸರು: ಕುಡಿತ, ಮದ್ಯ, ಎಫ್‌ಎಎಸ್‌ಡಿ ಯಾವುದೂ ಹೆಸರಿನಲ್ಲಿ ಬೇಡ. "ಮಕ್ಕಳ ಬೆಳವಣಿಗೆ ಕೂಟ" ಅನ್ನಿ. ಮಾತು ತಡವಾದ ಮಗು, ಚಂಚಲ ಮಗು ಇರುವ ಮನೆಯವರನ್ನೂ ಸೇರಿಸಿ. ಆಗ ಬಾಗಿಲಲ್ಲಿ ಯಾರು ಒಳಗೆ ಹೋದರು ಅಂತ ನೋಡಿದವರಿಗೆ ಏನೂ ಗೊತ್ತಾಗುವುದಿಲ್ಲ. ಮನೆಯಲ್ಲಿ ಮಾಡಬೇಕಾದ್ದಂತೂ ಹೆಚ್ಚುಕಡಿಮೆ ಒಂದೇ.

ದಿನ ಆರಿಸುವಾಗ ಎಸ್ಟೇಟಿನ ಲೆಕ್ಕ ನೋಡಿ. ಬಟವಾಡೆ ದಿನ, ಸಂತೆ ದಿನ ಯಾರೂ ಬರುವುದಿಲ್ಲ, ಕುಡಿತವೂ ಅವತ್ತೇ ಜಾಸ್ತಿ. ಕಾಫಿ ಕೊಯ್ಲು ಶುರುವಾದಮೇಲೆ ಸಂಜೆ ಆರರ ಮುಂಚೆ ಕರೆಯಬೇಡಿ. ಸ್ತ್ರೀಶಕ್ತಿ ಸಂಘದ ಸಭೆ ಮುಗಿದಮೇಲೆ ಅಲ್ಲೇ ಕೂರಿಸೋಣ ಅನ್ನುವ ಯೋಚನೆ ಬರುತ್ತದೆ, ಬೇಡ. ಸಾಲದ ಕಂತು ಕಟ್ಟದವಳು ಮುಖ ತಪ್ಪಿಸುತ್ತಾಳೆ, ಒಳಗಿನ ಮಾತು ಸಂಘದಲ್ಲಿ ಹರಡುತ್ತದೆ. ಅಂಗನವಾಡಿ ಕೋಣೆ ಒಳ್ಳೆಯದು, ಒಂದೂವರೆ ಗಂಟೆ ಸಾಕು.

ಮಕ್ಕಳನ್ನು ನೋಡಿಕೊಳ್ಳಲು ಬೇರೆ ಇಬ್ಬರು ಇರಲೇಬೇಕು, ಇಲ್ಲದಿದ್ದರೆ ತಾಯಂದಿರು ಎರಡು ಮಾತೂ ಆಡಲಾಗದು. ಮೊದಲು ಟೀ. ಆಮೇಲೆ ಪ್ರತಿಯೊಬ್ಬರೂ ಈ ವಾರದ ಒಂದೇ ಒಂದು ಕಷ್ಟ ಹೇಳುವುದು, ಉಳಿದವರು ತಮ್ಮಲ್ಲಿ ಯಾವುದು ನಡೆದಿದೆ ಅಂತ ಹೇಳುವುದು. ಇಲ್ಲಿ ಆಡಿದ ಮಾತು ಹೊರಗೆ ಹೋಗಬಾರದು, ಫೋಟೊ ತೆಗೆಯಬಾರದು, ವಾಟ್ಸಾಪಿನಲ್ಲಿ ಮಕ್ಕಳ ಹೆಸರು ಹಾಕಬಾರದು.

ಗುಂಪು ಒಡೆಯುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ: ಯಾರೋ ಅಧಿಕಾರಿಯನ್ನೋ ಭಾಷಣಕಾರರನ್ನೋ ಕರೆಸಿ ಕುಡಿತದ ಕೆಡುಕು ಅಂತ ಉಪನ್ಯಾಸ ಕೊಡಿಸುತ್ತಾರೆ. ಯಾರಿಗೆ ಗುಂಪು ಬೇಕಿತ್ತೋ ಆ ತಾಯಿ ಮುಂದಿನ ಸಲ ಬರುವುದಿಲ್ಲ. ಇನ್ನೊಂದು, ಎಲ್ಲ ಕೆಲಸ ಒಬ್ಬರ ತಲೆಮೇಲೆ ಬಿದ್ದು ಅವರು ಸುಸ್ತಾಗುವುದು. ಕೀಲಿಕೈ, ಟೀ, ಫೋನ್ ಮಾಡುವುದು, ಮೂರನ್ನೂ ಮೂರು ಮನೆಗೆ ಹಂಚಿ.

ಗುಂಪಿನ ನಿಜವಾದ ಲಾಭ ಬಿಡುವು. ಎರಡು ಮನೆ ಜೋಡಿಯಾಗಿ, ವಾರಕ್ಕೆ ಎರಡು ಗಂಟೆ ಒಬ್ಬರ ಮಗುವನ್ನು ಇನ್ನೊಬ್ಬರು ನೋಡಿಕೊಳ್ಳಲಿ. ಮಗುವಿನ ಜೊತೆ ಒಂದು ಹಾಳೆ ಹೋಗಬೇಕು: ಏನು ತಿನ್ನುತ್ತಾನೆ, ಯಾವುದಕ್ಕೆ ಕೆರಳುತ್ತಾನೆ, ಕೆರಳಿದಾಗ ಏನು ಮಾಡಬೇಕು, ಮನೆಯಲ್ಲಿ ಬಳಸುವ ಪದಗಳು, ಮಾತ್ರೆಯ ಹೊತ್ತು, ಫೋನ್ ನಂಬರ್. ಅಪಾಯದ ಸಾಲನ್ನು ಕೆಂಪು ಇಂಕಿನಲ್ಲಿ ಬರೆಯಿರಿ. ಈ ಮಕ್ಕಳು ಯಾರು ಕರೆದರೂ ಹಿಂದೆ ಹೋಗುತ್ತಾರೆ, ಕೆರೆಯ ಆಳದ ಅಂದಾಜು ಇಲ್ಲ, ತೋಟಕ್ಕೆ ಹೊಡೆಯುವ ಔಷಧಿ ಡಬ್ಬಿಯ ಭಯವಿಲ್ಲ, ಗಾಯವಾದರೂ ಕೆಲವರಿಗೆ ನೋವು ಗೊತ್ತಾಗುವುದಿಲ್ಲ. ಮೈಮುಟ್ಟುವವರ ಕೈಗೆ ಸುಲಭವಾಗಿ ಸಿಗುತ್ತಾರೆ. ನೋಡಿಕೊಳ್ಳುವವರು ಯಾರು ಅನ್ನುವುದರಲ್ಲಿ ದಾಕ್ಷಿಣ್ಯ ಬೇಡ, ಅನುಮಾನ ಬಂದರೆ ಮಕ್ಕಳ ಸಹಾಯವಾಣಿ 1098.

ಸಮಾಜಕಾರ್ಯಕರ್ತ, ಪರ್ತ್

ಇಲ್ಲಿ ಪಶ್ಚಿಮ ಆಸ್ಟ್ರೇಲಿಯಾದ ಫಿಟ್ಜ್‌ರಾಯ್ ಕ್ರಾಸಿಂಗ್ ಅನ್ನುವ ಊರಿನ ಉದಾಹರಣೆ ನಿಮಗೆ ಉಪಯೋಗವಾಗಬಹುದು. 2007ರಲ್ಲಿ ಅಲ್ಲಿನ ಮೂಲನಿವಾಸಿ ಹೆಂಗಸರು, ಜೂನ್ ಆಸ್ಕರ್, ಎಮಿಲಿ ಕಾರ್ಟರ್ ಮುಂತಾದವರು, ಹಗುರ ಬಿಯರ್ ಬಿಟ್ಟು ಬೇರೆ ಮದ್ಯವನ್ನು ಕಟ್ಟಿಕೊಂಡು ಹೋಗುವಂತೆ ಮಾರುವುದಕ್ಕೆ ನಿರ್ಬಂಧ ತರಿಸಿದರು. ಆಮೇಲೆ ತಮ್ಮ ಮಕ್ಕಳ ತಪಾಸಣೆ ತಾವೇ ಕೇಳಿ ಲಿಲಿಲ್ವಾನ್ ಯೋಜನೆಯಲ್ಲಿ 2002-03ರಲ್ಲಿ ಹುಟ್ಟಿದ ಮಕ್ಕಳನ್ನು ಪರೀಕ್ಷೆ ಮಾಡಿಸಿದರು. ವೈದ್ಯರ ಜೊತೆ ಪ್ರತಿ ಮನೆಗೂ ಊರವರೇ ಹೋಗುತ್ತಿದ್ದರು, ಪ್ರತಿ ಮಗುವಿಗೂ ಅದಕ್ಕೇ ಆದ ಯೋಜನೆ ಬರೆದುಕೊಟ್ಟರು. ನಿಮ್ಮ ಲೈನ್ ಮನೆಗಳಿಗೂ ಮೊದಲ ಸಲ ಹೋಗುವವರು ಆ ಮನೆಗಳ ಪೈಕಿಯೇ ಒಬ್ಬ ಹಿರಿಯ ಹೆಂಗಸಾಗಿದ್ದರೆ ಬಾಗಿಲು ತೆರೆಯುತ್ತದೆ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ನಮಸ್ಕಾರ. ನೋಟ್‌ಬುಕ್ ಬರೆಯೋದು ನಾಳೆಯಿಂದಲೇ ಶುರು ಮಾಡ್ತೀನಿ. ಒಂದು ಕೇಳೋದಿತ್ತು. ಜಾತ್ರೆ, ಮದುವೆಗೆ ಕರೆದುಕೊಂಡು ಹೋದರೆ ನೆಲಕ್ಕೆ ಬಿದ್ದು ಹೊರಳಾಡ್ತಾನೆ. ಮನೆಯಲ್ಲೇ ಬಿಟ್ಟು ಹೋಗಬೇಕಾ?

ಆಕ್ಯುಪೇಷನಲ್ ಥೆರಪಿಸ್ಟ್

ಬಿಟ್ಟುಹೋಗಬೇಡಿ, ಹೊತ್ತು ಬದಲಾಯಿಸಿ. ವಾದ್ಯ, ಪಟಾಕಿ, ಜನಸಂದಣಿ, ಎಲ್ಲವೂ ಒಟ್ಟಿಗೆ ಕಿವಿ-ಕಣ್ಣಿಗೆ ನುಗ್ಗಿದಾಗ ಮೆದುಳು ತಡೆಯಲಾರದೆ ಹಾಗಾಗುತ್ತದೆ. ಅದು ಹಟವಲ್ಲ. ಜಾತ್ರೆಗೆ ಬೆಳಿಗ್ಗೆ ಬೇಗ, ರಥ ಹೊರಡುವ ಮುಂಚೆ ಹೋಗಿ ಅರ್ಧ ಗಂಟೆಯಲ್ಲಿ ಬನ್ನಿ. ಮದುವೆಗೆ ಊಟದ ಮೊದಲ ಪಂಕ್ತಿ. ಹೊರಡುವ ಮುಂಚೆ ಹೊಟ್ಟೆ ತುಂಬಿರಲಿ, ಹಸಿವಾಗಿದೆ ಅಂತ ಅವನು ಹೇಳಲಿಕ್ಕಿಲ್ಲ. ಕಿವಿಗೆ ಹತ್ತಿ ಇಲ್ಲವೇ ಕಿವಿ ಮುಚ್ಚುವ ಟೋಪಿ. ಮೈಗೆ ಚುಚ್ಚುವ ಜರಿ ಬಟ್ಟೆ ಬೇಡ, ಅಂಗಿಯ ಕಾಲರಿನ ಲೇಬಲ್ ಕತ್ತರಿಸಿ. ಹೋದ ಕೂಡಲೇ ಒಂದು ಶಾಂತ ಮೂಲೆ ನೋಡಿಟ್ಟುಕೊಂಡು, ಗಲಾಟೆಯಾದರೆ ಇಲ್ಲಿಗೆ ಬರೋಣ ಅಂತ ಅವನಿಗೆ ತೋರಿಸಿ.

ಮುಷ್ಟಿ ಬಿಗಿಯುವುದು, ಕಿವಿ ಕೆಂಪಾಗುವುದು, ಒಂದೇ ಮಾತು ಮತ್ತೆ ಮತ್ತೆ ಹೇಳುವುದು, ಇಂಥ ಗುರುತು ಕಂಡ ತಕ್ಷಣ ಎದ್ದುಬಿಡಿ. ಬಿದ್ದು ಹೊರಳಾಡಲು ಶುರುವಾದಮೇಲೆ ಮಾತು ನಿಲ್ಲಿಸಿ, ಸುತ್ತ ನಿಂತವರನ್ನು ದೂರ ಕಳಿಸಿ, ತಲೆಗೆ ಪೆಟ್ಟಾಗದಂತೆ ನೋಡಿಕೊಂಡು ಪಕ್ಕದಲ್ಲಿ ಕೂತಿರಿ. ಹಿಡಿದು ಒತ್ತಬೇಡಿ. ಶಾಂತವಾದಮೇಲೆ ನೀರು ಕೊಟ್ಟು ಮನೆಗೆ ಬನ್ನಿ. ಯಾಕೆ ಹಾಗೆ ಮಾಡಿದೆ ಅಂತ ಅವತ್ತೂ ಕೇಳಬೇಡಿ, ಮಾರನೇ ದಿನವೂ ಕೇಳಬೇಡಿ. ಶುರುವಾಗುವ ಮುಂಚೆ ಏನಿತ್ತು, ಹಿಂದಿನ ರಾತ್ರಿ ಎಷ್ಟು ನಿದ್ದೆ ಮಾಡಿದ್ದ ಅನ್ನುವುದನ್ನು ಅದೇ ನೋಟ್‌ಬುಕ್ಕಿನಲ್ಲಿ ಗುರುತು ಹಾಕಿಕೊಳ್ಳಿ, ಡಿಇಐಸಿಗೆ ಹೋಗುವಾಗ ತೋರಿಸಿ.